ಒಂದು ಚಳಿಗಾಲ, ಬರಿ ನೆಲ

ಅಕ್ಟೋಬರ್ 10, ಮಂಗಳವಾರ

ಮತ್ತೆ ಸಾಕ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಕಾಫಿ. ಕಾಂಕ್ರೀಟಿನ ಥಂಡಿ ಪಾದದಿಂದ ಮಂಡಿಗೆ ಏರುತ್ತದೆ. ಲೇವಾರ್ಡನ್ ಸಂತೆಯಲ್ಲಿ ಅರ್ಧ ಊರಿಗೆ ಪರದೆ ಬಟ್ಟೆ ಮಾರಿದವಳು ನಾನು. ನನ್ನ ಹಾಲಿನ ಕಿಟಕಿಗೆ ಒಂದು ಕರ್ಚೀಫೂ ಇಲ್ಲ.

ಸೀತ್ಸೆಯ ಷರತ್ತು. ನಾವಿಬ್ಬರೂ ಸೇರಿ ಹಿಡಿದ ಈ ಹೊಸ ಮನೆಗೆ ಒಂದು ಚಳಿಗಾಲ ಏನೂ ಕೊಳ್ಳುವಂತಿಲ್ಲ. ಮಂಚ, ಮೇಜು, ಎರಡು ಕುರ್ಚಿ, ಅವನ ರೇಡಿಯೊ — ಅಷ್ಟೇ.

"ಬೆಳಕು ಎಲ್ಲಿಂದ ಬರತ್ತೆ, ನಾವು ಎಲ್ಲಿ ಕೂರ್ತೀವಿ, ಎಲ್ಲ ಮನೇನೇ ಹೇಳತ್ತೆ ಕಣೆ. ಸ್ವಲ್ಪ ತಡಿ."

"ಮನೆ ಬಾಯಿ ಬಿಡೋಷ್ಟ್ರಲ್ಲಿ ನಂಗೆ ನ್ಯುಮೋನಿಯಾ ಆಗಿರತ್ತೆ."

ಕಾಲುವೆಯ ಸೇತುವೆ ಎತ್ತಿ ಇಳಿಸಿ ರಿಟೈರ್ ಆದವನು. ದೋಣಿ ಕಣ್ಣಿಗೆ ಬೀಳುವವರೆಗೆ ಗುಂಡಿ ಒತ್ತುವವನಲ್ಲ. ನಾನೋ, "ಇವತ್ತಿಗೆ ಮಾತ್ರ ಈ ರೇಟು" ಎಂದು ಕೂಗಿ ಬದುಕು ಕಟ್ಟಿಕೊಂಡವಳು. ಅರವತ್ತು ದಾಟಿದ ಮೇಲೆ ಹುಡುಕಿ ಹುಡುಕಿ ಇವನನ್ನೇ ಒಪ್ಪಿಕೊಂಡೆ. ಯಾರನ್ನು ದೂರಲಿ?

ಅಕ್ಟೋಬರ್ 22, ಭಾನುವಾರ

ಎದುರುಮನೆಯ ಬೌಕ್ಯೆ ಸೇಬಿನ ಕೇಕ್ ಹಿಡಿದು ಬಂದಳು. ಪರಿಚಯದ ಅಗತ್ಯವೇ ಇರಲಿಲ್ಲ.

"ದಿನಾ ನಿಮ್ಮ ಊಟ ನೋಡಿ ನಂಗೇ ಹೊಟ್ಟೆ ತುಂಬತ್ತೆ ರೀ. ನಿನ್ನೆ ಬಟಾಣಿ ಸೂಪು, ಅಲ್ವಾ?"

"ಉಪ್ಪು ಕಮ್ಮಿಯಾಗಿತ್ತು. ಅದೂ ಕಾಣಿಸ್ತಾ?"

ನಕ್ಕಳು. ಆಮೇಲೆ, ಕೇಕ್ ಕತ್ತರಿಸುತ್ತ, ಮೆಲ್ಲಗೆ — "ನಿಮ್ಮವರು ಹಾರ್ಲಿಂಗನ್‌ನ ಹಳೇ ಬಾಡಿಗೆ ಮನೆ ಇನ್ನೂ ಬಿಟ್ಟಿಲ್ವಂತೆ?"

ಬಿಟ್ಟಿಲ್ಲ. ಹೂಕುಂಡಕ್ಕೆ ನೀರು ಹಾಕಬೇಕು ಎಂದು ಪ್ರತಿ ಶನಿವಾರ ಹೋಗುತ್ತಾನೆ. ನಾನು ನನ್ನ ಬಾಡಿಗೆ ಮನೆ ಬಿಟ್ಟದ್ದು ಒಂದೇ ದಿನದಲ್ಲಿ. ಇಲ್ಲಿನ ನಿಯಮವೇ ಹಾಗೆ, ಬಿಡುವಾಗ ನಾವು ಹಾಸಿದ ನೆಲವನ್ನೂ ಕಿತ್ತು ಬರಿ ಕಾಂಕ್ರೀಟ್ ಒಪ್ಪಿಸಬೇಕಲ್ಲ. ಕಾರ್ಪೆಟ್ ಚಾಕುವಿನಿಂದ ಸೀಳಿದೆ, ಕಸಕ್ಕೆ ಎಸೆದೆ, ಬಂದೆ. ಇವನು ಎರಡು ಮನೆಗೆ ಬಾಡಿಗೆ ಕಟ್ಟುತ್ತಾನೆ. ಬೆಳಕು ನೋಡಬೇಕಂತೆ, ಬೆಳಕು! ಹಿಂದಿನ ಬಾಗಿಲು ತೆರೆದಿಟ್ಟುಕೊಂಡ ಮನುಷ್ಯ. ಅಷ್ಟು ಲೆಕ್ಕ ನನಗೂ ಬರುತ್ತದೆ.

ಡಿಸೆಂಬರ್ 6, ಬುಧವಾರ

ನಿನ್ನೆ ಸಿಂಟರ್‌ಕ್ಲಾಸ್ ಹಬ್ಬ, ಉಡುಗೊರೆಯ ದಿನ. ನನಗೆ ಚಾಕೊಲೇಟಿನಲ್ಲಿ ಮಾಡಿದ ನನ್ನ ಹೆಸರಿನ ಮೊದಲಕ್ಷರ. ಅವನಿಗೆ ನಾನು ಪರದೆ ಬಟ್ಟೆಯ ಸ್ಯಾಂಪಲ್ ಪುಸ್ತಕ ಕೊಟ್ಟೆ. ತಿರುವಿದ. ಚೆನ್ನಾಗಿದೆ ಅಂದ. ರೇಡಿಯೊ ಅಲುಗಾಡುತ್ತಿತ್ತು — ಅದರ ಕೆಳಗಿಟ್ಟ.

ಜನವರಿ 14, ಭಾನುವಾರ

ಮೇಜು ಮತ್ತೆ ಜಾಗ ಬದಲಿಸಿತು. ಈಗ ಪಕ್ಕದ ಕಿಟಕಿಯ ಬಳಿ. ಈ ಕಾಲದಲ್ಲಿ ಬಿಸಿಲು ಬೀಳುವುದು ಅಲ್ಲಿ ಮಾತ್ರ, ಅದೂ ಒಂದಿಷ್ಟು ಹೊತ್ತು. ನನ್ನ ಪಾಡಿಗೆ ಬಿಟ್ಟಿದ್ದರೆ ಅಲ್ಲೊಂದು ಬೀರು ನಿಂತಿರುತ್ತಿತ್ತು. ಇದನ್ನು ಅವನಿಗೆ ಹೇಳಲಿಲ್ಲ. ಹೇಳುವುದೂ ಇಲ್ಲ.

ಜನವರಿ 27, ಶನಿವಾರ

ಸೀತ್ಸೆ ಈಗ ವಾರದ ಅರ್ಧ ಹಾರ್ಲಿಂಗನ್‌ನಲ್ಲೇ. ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ.

"ಅಲ್ಲೇನು ಅಷ್ಟು ಕೆಲಸ?"

"ಇದೆ ಸ್ವಲ್ಪ."

ಹೂಕುಂಡಕ್ಕೆ ನೀರು ಹಾಕುವಾಗ ಹೆಬ್ಬೆರಳಿಗೆ ಗಾಯ ಆಗುವುದನ್ನು ಮೊದಲ ಸಲ ನೋಡಿದೆ.

ಫೆಬ್ರವರಿ 17, ಶನಿವಾರ

ಸಾಕು. ಸಂತೆಯಲ್ಲಿ ನನ್ನ ಪಕ್ಕದ ಮಳಿಗೆಯವನಾಗಿದ್ದ ಡೌವೆಗೆ ಫೋನ್ ಮಾಡಿದೆ. ಕಾರ್ಪೆಟ್. ಬೂದು ಬಣ್ಣ. ಬುಧವಾರ ಬಂದು ಹಾಲಿಗೆ ಅಂಟಿಸಿಬಿಡು ಎಂದೆ.

"ಸೀತ್ಸೆ ಒಪ್ಪಿದ್ನಾ?"

"ಇಲ್ಲಿ ಕಾಲು ತಣ್ಣಗಾಗ್ತಿರೋದು ನಂದು."

"ಅಂಟಿಸಿದ್ಮೇಲೆ ಕೀಳೋಕಾಗಲ್ಲ, ಯಜಮಾನ್ತಿ."

"ಅದಕ್ಕೇ ಅಂಟಿಸು ಅಂದಿದ್ದು."

ಅದಕ್ಕೆ ಮೊದಲು ಒಂದು ಸಲ ಹಾರ್ಲಿಂಗನ್‌ಗೆ ಹೋಗಿ ಮುಖಕ್ಕೆ ಮುಖ ಕೊಟ್ಟು ಕೇಳಬೇಕು. ಈ ಮನೆಯೋ, ಆ ಮನೆಯೋ.

ಫೆಬ್ರವರಿ 20, ಮಂಗಳವಾರ. ವಾಪಸ್ ರೈಲಿನಲ್ಲಿ

ಹೋದೆ. ಕೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಅವನ ಕೆಳಮನೆಯ ಮುದುಕ ಮೆಟ್ಟಿಲಲ್ಲೇ ಅಡ್ಡ ನಿಂತ.

"ನೀವೇನಾ ಆಯಮ್ಮ? ನಿಮ್ಮಿಂದ್ಲೇ ಅಲ್ವಾ ಹೊಸವರ್ಷದಿಂದ ನನ್ನ ತಲೆ ಮೇಲೆ ಟಕ ಟಕ!"

ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ಹಾಲ್ ಪೂರ್ತಿ ಬರಿ ಕಾಂಕ್ರೀಟ್. ಗೋಡೆಗುಂಟ ಓಕ್ ಹಲಗೆಗಳ ಕಟ್ಟು, ಪ್ರತಿಯೊಂದರ ಬೆನ್ನಿಗೆ ಸೀಮೆಸುಣ್ಣದ ನಂಬರು. ಕೊನೆಯ ಮೂಲೆಯಲ್ಲಿ ಸೀತ್ಸೆ ಮಂಡಿಯೂರಿ ಒಂದು ಮೊಳೆಯನ್ನು ಹಲ್ಲು ಕೀಳುವವನ ಹಾಗೆ ಎಬ್ಬಿಸುತ್ತಿದ್ದ.

"ಏನಿದು?"

"ನೆಲ."

"ಅದು ಕಾಣ್ತಿದೆ. ಹೇಳೋಕೇನಾಗಿತ್ತು?"

"ಅವಸರ ಮಾಡಿದ್ರೆ ಸೀಳತ್ತೆ, ಅಲೈಡಾ. ಎಷ್ಟು ಉಳಿಯತ್ತೆ ಅಂತ ಗೊತ್ತಿರ್ಲಿಲ್ಲ. ನಮ್ಮ ಹಾಲಿಗೆ ಹಾಕೋಣ ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ಸಾಲ್ದೆ ಹೋದ್ರೆ?"

"ಈ ಮನೆ?"

"ಬಿಡ್ತೀನಿ ಅಂತ ಜನವರೀಲೇ ಬರೆದುಕೊಟ್ಟೆ. ತಿಂಗಳ ಕೊನೆಗೆ ಕೀಲಿ."

ನಮ್ಮ ಹಾಲ್, ಅಂದ. ಕಾಂಕ್ರೀಟ್ ಮೇಲೆ ಕೂತು, ಕಾರ್ಪೆಟ್ ಬೇಡ ಎನ್ನಲು ಡೌವೆಗೆ ಫೋನ್ ಮಾಡಿದೆ.

"ಕತ್ತರಿಸಾಯ್ತಲ್ಲ ಯಜಮಾನ್ತಿ! ಕತ್ತರಿಸಿದ ಮಾಲು ವಾಪಸ್ ಇಲ್ಲ ಅಂತ ನೀವೇ ಕಲಿಸಿದ್ದು."

ಸೀತ್ಸೆ ಎಲ್ಲ ಕೇಳಿಸಿಕೊಂಡ. ಕೇಳಿದ್ದು ಒಂದೇ. "ಅಂಟು ಹಚ್ಚಿಲ್ಲ ತಾನೆ?"

ಮಾರ್ಚ್ 2, ಶನಿವಾರ

ಹಲಗೆಗಳು ಡೌವೆಯ ವ್ಯಾನಿನಲ್ಲಿ ಬಂದವು. ಕಾರ್ಪೆಟ್ ಬೌಕ್ಯೆಗೆ ಮಾರಿದೆ. ಇವತ್ತಿಗೆ ಮಾತ್ರ ಈ ರೇಟು ಎಂದೆ. ಕೈ ಇನ್ನೂ ತುಕ್ಕು ಹಿಡಿದಿಲ್ಲ.

ನಾಳೆಯೇ ಹಾಸೋಣ ಎಂದರೆ ಸೀತ್ಸೆ ತಲೆಯಾಡಿಸಿದ. "ಮರ ಈ ಮನೆ ಗಾಳಿಗೆ ಒಗ್ಗಬೇಕು. ಒಂದೆರಡು ವಾರ ಹಾಗೇ ಬಿದ್ದಿರ್ಲಿ."

ಹಾಲಿನ ನಡುವೆ ಹಲಗೆಯ ಗುಡ್ಡ. ಸುತ್ತುಹಾಕಿ ಅಡುಗೆಮನೆಗೆ ಹೋಗಬೇಕು. ಬೈಯಬೇಕೆನಿಸಲಿಲ್ಲ. ಬಿದ್ದಿರಲಿ.

ಮಾರ್ಚ್ 17, ಭಾನುವಾರ. ಬೆಳಿಗ್ಗೆ

ನಿನ್ನೆಯಿಂದ ಹಾಸುತ್ತಿದ್ದಾನೆ. ಕಿಟಕಿಯ ಬಳಿಯ ಒಂದು ಪಟ್ಟಿ ಬಿಟ್ಟು ಎಲ್ಲ ಮುಗಿಯಿತು. ಈಗ ಒಂದು ಹಲಗೆ ಕಮ್ಮಿ ಎಂದು ಮುಖ ಸಣ್ಣ ಮಾಡಿಕೊಂಡು ಹುಡುಕುತ್ತಿದ್ದಾನೆ. ಮಂಚದ ಕೆಳಗೆ, ಬಾಲ್ಕನಿ, ಬಾತ್‌ರೂಮಿನಲ್ಲೂ. ಇತ್ತು, ತಾನೇ ನಂಬರು ಬರೆದಿದ್ದೆ ಎಂದು ಗೊಣಗುತ್ತಾನೆ.

ನಾನು ಅಡುಗೆಮನೆಯ ಹಿತ್ತಿಲ ಬಾಗಿಲಲ್ಲಿದ್ದೇನೆ. ಮಾರ್ಚ್‌ನಲ್ಲಿ ಬಿಸಿಲು ಇಲ್ಲಿಗೆ ಬರುತ್ತದೆಂದು ಹೋದ ವಾರವಷ್ಟೇ ತಿಳಿಯಿತು. ಎರಡು ಪೇಂಟ್ ಡಬ್ಬ ಇಟ್ಟು, ಮೇಲೊಂದು ಹಲಗೆ ಅಡ್ಡ ಹಾಕಿ ಬೆಂಚು ಮಾಡಿಕೊಂಡಿದ್ದೇನೆ.

"ಅಲೈಡಾ! ನೀನೇನಾದ್ರೂ ನೋಡಿದ್ಯಾ?"

ಸ್ವಲ್ಪ ತಡಿ, ಅಂದೆ. ಬಿಸಿಲು ಈಗಷ್ಟೇ ಮಂಡಿಗೆ ಬಂದಿದೆ.