ಡಬ್ಬಿ ತೆರೆಯುವ ಮೊದಲು

ನವೆಂಬರ್ 12, ಬೆಳಗ್ಗೆ 8.40
ನಮ್ಮ ಲ್ಯಾಬಿನ ಸಂಶೋಧನಾ ವಿದ್ಯಾರ್ಥಿ ಉಗಾಕಿ ಮತ್ತೆ ಮೇಜಿನ ಮೇಲೇ ನಾತ್ತೋ ತಿಂದಿದ್ದಾನೆ. ಆ ಹುಳಿಬಂದ ಸೋಯಾದ ಲೋಳೆ ಕಾಳು ಕೀಬೋರ್ಡಿಗೂ ಅಂಟಿದೆ. ಥೂ. ಇದನ್ನೆಲ್ಲ ಒರೆಸಿ, ಆಮೇಲೆ ಅವನ ಲೆಕ್ಕ ತಪಾಸಣೆ ಮಾಡಬೇಕು. ನಮ್ಮ ಪ್ರೊಫೆಸರ್ ಹೊರಿಕೋಶಿ ಸೆನ್ಸೇ ನನ್ನ ತಲೆಗೇ ಕಟ್ಟಿದ್ದಾರೆ. ಮಾರ್ಚಿಗೆ ನನ್ನ ಗುತ್ತಿಗೆ ಮುಗಿಯುತ್ತದೆ, ಇಲ್ಲ ಅನ್ನುವ ಹಾಗಿಲ್ಲ.

ವಿಷಯ ಅದೇ ಬಾಟಮ್ ಕ್ವಾರ್ಕ್. ಭಾರದ ಕಣ. ಹುಟ್ಟಿ ಕೂದಲೆಳೆ ದೂರ ಹೋಗುವಷ್ಟರಲ್ಲಿ ಒಡೆಯುತ್ತದೆ. ಒಡೆದಾಗ ಟೌ ಕಣ ಎಷ್ಟು ಸಲ ಬರುತ್ತದೆ ಅಂತ ಎಣಿಕೆ. ಸಿದ್ಧಾಂತಕ್ಕಿಂತ ಹೆಚ್ಚು ಬಂದರೆ ಜಗತ್ತಿಗೆಲ್ಲ ಸುದ್ದಿ. ಅದಕ್ಕೇ ಉತ್ತರ ಇರುವ ಭಾಗವನ್ನು ಮುಚ್ಚಿಡುತ್ತೇವೆ... ಡಬ್ಬಿ ಅನ್ನುತ್ತೇವೆ. ಯಾವ ಘಟನೆ ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಕಬೇಕು ಎಂಬ ನಿಯಮ ಗಟ್ಟಿಯಾಗುವವರೆಗೆ ಯಾರೂ ಇಣುಕುವಂತಿಲ್ಲ. ಇಣುಕಿದರೆ ಕೈ ತಾನಾಗಿಯೇ ಬೇಕಾದ ಕಡೆ ವಾಲುತ್ತದೆ.

ನವೆಂಬರ್ 19
ಘಟನೆ ಆರಿಸುವ ಉಗಾಕಿಯ ನಿಯಮದಲ್ಲಿ ಒಂದು ಮಿತಿ 0.42 ಇತ್ತು. ಈಗ 0.47. ಯಾಕೆ ಅಂದೆ. ಹಾಗೆ ಚೆನ್ನಾಗಿ ಕಾಣಿಸಿತಂತೆ. ಏನು ಚೆನ್ನಾಗಿ ಕಾಣಿಸಿತು? ಶೂ ನೋಡುತ್ತ ನಿಂತ.

ನವೆಂಬರ್ 20, ಮಧ್ಯಾಹ್ನ
ಅವನು ಊಟಕ್ಕೆ ಹೋದಾಗ ಅವನ ಫೋಲ್ಡರ್ ತೆರೆದೆ. ಒಂದು ಗ್ರಾಫ್. ಅಕ್ಟೋಬರ್ 28ರದ್ದು. ಮಿತಿ ಬದಲಾಯಿಸುವ ಮೊದಲಿನದು. ಡಬ್ಬಿಯೊಳಗಿನದೇ. ಮೂಲೆಯಲ್ಲಿ ಉತ್ತರ.

ಸಿಕ್ಕಿಬಿದ್ದ ಅಂತ ಖುಷಿಯಾಯಿತು. ಒಂದೇ ನಿಮಿಷ. ಆಮೇಲೆ ಹೊಳೆಯಿತು — ನಾನೂ ನೋಡಿಬಿಟ್ಟೆ. ನೋಡಿದವರು ತಕ್ಷಣ ಹೇಳಿ ಈ ಕೆಲಸದಿಂದ ದೂರ ಸರಿಯಬೇಕು. ಅದು ನಿಯಮ. ಅವನ ಕಡತದ ದಿನಾಂಕ ಮಾತ್ರ ನೋಡಿದ್ದರೆ ಸಾಕಿತ್ತು. ಯಾಕೆ ತೆರೆದೆ? ಆಸೆ. ಅಷ್ಟೇ. ಅಸಹ್ಯ.

ಡಿಸೆಂಬರ್ 4
ಎರಡು ವಾರ ಬರೆದಿಲ್ಲ. ಹೇಳಿಯೂ ಇಲ್ಲ.

ಇವತ್ತು ಕಾಫಿ ಮೆಷಿನ್ ಹತ್ತಿರ ಅವನನ್ನು ಹಿಡಿದೆ. "ಡಬ್ಬಿ ನೋಡಿದ್ಯಾ?"

"ಒಂದ್ಸಲ. ಪ್ರೋಗ್ರಾಂ ಸರಿ ಇದ್ಯಾ ಅಂತ, ಅಷ್ಟೇ." ಆಮೇಲೆ ನಿಧಾನವಾಗಿ, "ನಿಮಗೆ ಹೇಗೆ ಗೊತ್ತಾಯ್ತು, ನೆಜು-ಸಾನ್?"

ನಾನು ಪರ್ಸಿನಲ್ಲಿ ಚಿಲ್ಲರೆ ಹುಡುಕತೊಡಗಿದೆ. ಹಲ್ಲು ಕಿರಿದ. ನನಗೂ ಒಂದು ಕ್ಯಾನ್ ಕಾಫಿ ತೆಗೆದುಕೊಟ್ಟ. ಕುಡಿದೆ. ಅವನಿಗಿಂತ ನನ್ನ ಮೇಲೇ ಹೆಚ್ಚು ಹೇಸಿಗೆ.

ಡಿಸೆಂಬರ್ 17
ಡಬ್ಬಿ ತೆರೆಯುವ ದಿನ. ಸೆಮಿನಾರ್ ಕೋಣೆ ತುಂಬ ಜನ. ಪರದೆಯ ಮೇಲೆ ಐದು ದೇಶದವರು. ಮಂಜೂ ಸಿಹಿಯ ಪೆಟ್ಟಿಗೆಗಳು. ಮೂರರವರೆಗೆ ಎಣಿಸಿ ಸೆನ್ಸೇ ಬಟನ್ ಒತ್ತಿದರು. ಸಿದ್ಧಾಂತಕ್ಕಿಂತ ಎಷ್ಟೋ ಹೆಚ್ಚು. ಉಗಾಕಿ ಬಾಯಿ ಮೇಲೆ ಕೈ ಇಟ್ಟುಕೊಂಡ, ಕಣ್ಣಲ್ಲಿ ನೀರು. ಎಂಥ ನಟ!

ನಾನೂ "ಓ" ಅಂದೆ. ಎಲ್ಲರಿಗಿಂತ ಜೋರಾಗಿ.

ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಕೈಯಲ್ಲಿದ್ದ ಮಂಜೂ ಕಸದ ಬುಟ್ಟಿಗೆ ಹಾಕಿದೆ. ಹೊರಗೆ ಬಂದರೆ ಸೆನ್ಸೇ. ನನ್ನ ಗುತ್ತಿಗೆ ಇನ್ನೆರಡು ವರ್ಷ ಮುಂದುವರಿಯುತ್ತದಂತೆ. ತಪಾಸಣೆಯ ಫಾರ್ಮಿಗೆ ಸಹಿ ಹಾಕಿಬಿಡು ಅಂದರು.

ಡಿಸೆಂಬರ್ 18, ಬೆಳಗ್ಗೆ 10.15
ಹೊರಿಕೋಶಿ ಸೆನ್ಸೇ ಕೋಣೆಗೆ ಹೋಗಿ ಹೇಳಿಬಿಟ್ಟೆ. ಉಗಾಕಿ ನೋಡಿದ್ದಾನೆ, ನೋಡಿ ಮಿತಿ ತಿದ್ದಿದ್ದಾನೆ. ನಾನೂ ನೋಡಿದ್ದೇನೆ. ಕನ್ನಡಕ ತೆಗೆದು ಒರೆಸುತ್ತ ಕೂತರು. ಕೋಪ ಬರುತ್ತದೆ ಅಂದುಕೊಂಡಿದ್ದೆ.

"ನಂಗೂ ತೋರಿಸಿದ್ದ, ಅಕ್ಟೋಬರ್‌ನಲ್ಲೇ," ಅಂದರು. "ಬಾಗ್ಲು ಹಾಕಿ ಕೂತ್ಕೊಳ್ಳಮ್ಮ."

ಹೋಗಿ ಬಾಗಿಲು ಹಾಕಿದೆ. ಹೊರಗಿನಿಂದ.

ಈಗ ಫಾರ್ಮ್ ಮುಂದಿದೆ. ನಾಲ್ಕನೇ ಪ್ರಶ್ನೆ: ತೆರೆಯುವ ಮೊದಲು ನೋಡಿದವರ ಹೆಸರು. ಪೆನ್ನಿನಲ್ಲೇ ಬರೆದೆ, ಅಳಿಸಲು ಆಗಬಾರದು. ಮೊದಲು ನನ್ನದು. ಎರಡನೆಯದು ಉಗಾಕಿ. ಹೊರಗೆ ಸೆನ್ಸೇ ಚಪ್ಪಲಿ ಸದ್ದು, ಇತ್ತಲೇ ಬರುತ್ತಿದೆ. ಮೂರನೆಯದು ಹೊರಿ