ಪೇರಲ ನೊಣದ ಫೋಟೋ

ತಿಕೋಟಾ
೧೧ ಡಿಸೆಂಬರ್ ೧೯೬೧

ಪ್ರೀತಿಯ ಅಂಬಾದಾಸಣ್ಣನಿಗೆ,

ಪುಣೆಯ ಚಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೇ? ಅತ್ತಿಗೆ ಕೊಡುವ ಕಷಾಯವನ್ನು ಕಿಟಕಿಯಾಚೆ ಚೆಲ್ಲಬೇಡ, ನಿನ್ನ ಗುಣ ನನಗೆ ಗೊತ್ತು. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಪ್ಪ ಮಾತ್ರ ಊಟ ಬಿಟ್ಟಿದ್ದಾನೆ.

ಹಿತ್ತಲ ಪೇರಲ ಹಣ್ಣಿಗೆ ನೊಣ ಮುತ್ತಿದ್ದನ್ನು ಹೋದ ಸಲ ಬರೆದಿದ್ದೆ. ಈಗ ಬದುವಿನಾಚೆ ಧೂಳಪ್ಪಕಾಕಾನ ತೋಟದಲ್ಲೂ ಹಣ್ಣು ಕೊಳೆತು ಉದುರುತ್ತಿದೆ. ಅವನು ಚಾವಡಿಯಲ್ಲಿ ಎಲ್ಲರ ಮುಂದೆ, “ನಿಮ್ಮ ಗಿಡದಾಗಿನ ನೊಣಾನ ನನ್ನ ತ್ವಾಟಾ ತಿಂದಾವ. ಗಿಡಾ ಕಡೀರಿ, ಇಲ್ಲಾಂದ್ರ ನಾನ ಕಡಸ್ತೇನಿ” ಎಂದ. ಅಪ್ಪ ತಲೆ ತಗ್ಗಿಸಿ ಬಂದುಬಿಟ್ಟ. “ಪುಣೆ ಕೃಷಿ ಕಾಲೇಜಿನ್ಯಾಗ ಇರೂ ನಮ್ಮಣ್ಣ ನೊಣದ ಫೋಟೋ ನೋಡಿ ಯಾವ ಜಾತಿ ಅಂತ ಹೇಳ್ತಾನ, ಅಲ್ಲೀತನಕ ತಡೀರಿ ಕಾಕಾ” ಎಂದು ನಾನೇ ಅಂಗಲಾಚಿದೆ. ಅವ್ವ ಹೋದ ಮೇಲೆ ಅಪ್ಪ ಮನಸ್ಸು ಬಿಚ್ಚಿ ಮಾತಾಡುವುದು ಆ ಗಿಡಗಳ ಜೊತೆಗಷ್ಟೇ, ನೀನೇ ನೋಡಿದ್ದೀಯಲ್ಲ.

ನೊಣಗಳನ್ನು ಔಷಧಿ ಬಾಟಲಿಯಲ್ಲಿ ಹಿಡಿದು ಬಸ್ಸಿನಲ್ಲಿ ವಿಜಾಪುರಕ್ಕೆ ಒಯ್ದೆ. ಗೋಳಗುಮ್ಮಟದ ಹತ್ತಿರ ಸ್ಟುಡಿಯೋ ಇಟ್ಟಿರುವ ಮುರ್ತುಜಾಸಾಬರು, “ಮದುಮಕ್ಕಳ ಫೋಟೋ ತಗದೇನಿ, ಹಜ್ ಯಾತ್ರಿಗಿ ಹೋಗೋರ್ದು ತಗದೇನಿ, ನೊಣದ್ದು ಇದ ಮೊದಲ ನೋಡವ್ವಾ” ಎಂದು ನಕ್ಕರು. ಆದರೂ ನೊಣ ದೊಡ್ಡದಾಗಿ ಕಾಣಲೆಂದು ಮಸೂರ ತಿರುವಿ ಹಾಕಿ, ಅಳತೆಗೆಂದು ಪಕ್ಕದಲ್ಲಿ ಬೆಂಕಿಕಡ್ಡಿಯಿಟ್ಟು ತೆಗೆದುಕೊಟ್ಟರು. ರೆಕ್ಕೆಯಂಚಿಗೆ ಕಂದು ಗೆರೆಯಿದ್ದರೆ ಹಣ್ಣು ಚುಚ್ಚಿ ಮೊಟ್ಟೆಯಿಡುವ ಜಾತಿ, ಇಲ್ಲದಿದ್ದರೆ ಕೊಳೆತದ್ದರ ವಾಸನೆಗೆ ಬರುವ ಪಾಪದ ನೊಣ, ಅದು ಯಾರ ತೋಟವನ್ನೂ ಕೆಡಿಸದು ಎಂದು ನೀನು ಬರೆದಿದ್ದೆ. ಕಪ್ಪು ಬಿಳುಪಿನಲ್ಲಿ ಕಾಣುವುದು ಗೆರೆಯೋ ನೆರಳೋ, ನೋಡಿ ನೋಡಿ ನನ್ನ ಕಣ್ಣು ಸೋತವು. ನೊಣದ ಕಣ್ಣು ಕೆಂಪಗಿದ್ದವೆಂದು ಇದರೊಳಗಿಟ್ಟ ಫೋಟೋದ ಹಿಂದೆ ಬರೆದಿದ್ದೇನೆ. ನೋಡಿದ ಕೂಡಲೇ ತಂತಿ ಕೊಡು. ಅಲ್ಲಿಯವರೆಗೆ ಧೂಳಪ್ಪಕಾಕಾನ ಕಾಲು ಹಿಡಿದಾದರೂ ತಡೆಯುತ್ತೇನೆ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಕೂಸಿನ ಕೆನ್ನೆಯನ್ನು ನನ್ನ ಪರವಾಗಿ ಒಮ್ಮೆ ಸವರು.

ನಿನ್ನ ತಂಗಿ
ರೇಣವ್ವ

ತಾ.ಕ.: ನಿನ್ನೆ ಟಪಾಲು ತಪ್ಪಿತು. ಇಂದು ಬೆಳಿಗ್ಗೆ ಕೊಡಲಿ ಸದ್ದಿಗೆ ಹಿತ್ತಲಿಗೆ ಓಡಿದೆ. ಕಡಿಯುತ್ತಿದ್ದವನು ಅಪ್ಪ. ತೋಳು ಹಿಡಿದು ಜಗ್ಗಿದರೂ ನಿಲ್ಲಲಿಲ್ಲ. “ಮಂದಿ ಬಂದು ಕಡಿಯೂದಕಿಂತ ನನ್ನ ಕೈಲೇನ ಹೋಗ್ಲಿ ಬಿಡ” ಎಂದ. ಒಂದೂ ಉಳಿದಿಲ್ಲ. ಅಣ್ಣಾ, ತಂತಿ ಬೇಡ, ಕಾಗದ ಬರೆ. ಫೋಟೋದಲ್ಲಿ ನಿನಗೆ ಯಾವ ನೊಣವೇ ಕಾಣಲಿ, ಚುಚ್ಚುವ ಜಾತಿಯೆಂದೇ ಬರೆ. ಅಪ್ಪನಿಗೆ ಅದನ್ನು ಓದಿ ಹೇಳುವವಳು ನಾನು. ಅವನ ಮುಖ ನೋಡುತ್ತ ಸುಳ್ಳು ಕಟ್ಟುವುದು ನನ್ನಿಂದಾಗದು.