ಮುಂಡರಗಿಯ ದವಾಖಾನೆಗೆ ಹೋಗಿಬಂದೆ

ಏನ್ರೀ, ನೀವಿದ್ದಾಗ ಇಂಥದ್ದನ್ನು ನಿಮ್ಮ ಮುಂದೆ ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಈಗ ನೀವು ಓದುವುದಿಲ್ಲವೆಂದೇ ಬರೆಯುತ್ತಿದ್ದೇನೆ.

ಗಂಡ ಸತ್ತವಳಿಗೆ ಆ ಜಾಗದಲ್ಲಿ ತುರಿಕೆ ಎಂದರೆ ಜನ ಏನೆಂದಾರು ಎಂದು ಬಾಯಿ ಮುಚ್ಚಿಕೊಂಡಿದ್ದೆ. ಉರಿ ತಾಳದೆ ದಿನವೂ ಸಾಬೂನು ಹಚ್ಚಿ ತೊಳೆದು ಇನ್ನಷ್ಟು ಕೆಡಿಸಿಕೊಂಡೆ. ಒಗೆಯಲು ಹಾಕಿದ ಬಟ್ಟೆಯ ಮೇಲೆ ಒಡೆದ ಮೊಸರಿನಂಥ ಬಿಳಿ ಕಂಡು ಸೊಸೆ ನೀಲವ್ವನಿಗೆ ತಿಳಿಯಿತು. ಇವತ್ತು ಬೆಳ್ಳಟ್ಟಿಯಿಂದ ಮುಂಡರಗಿಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಕೇಳಿದಾಗ ನಾನು ಮೊಣಕಾಲು ನೋವು ಎಂದೆ.

"ಖರೆ ಹೇಳ್ರಿ ಅತ್ತಿ," ಎಂದ ನೀಲವ್ವ ಕೊನೆಗೆ ತಾನೇ ಎಲ್ಲ ಹೇಳಿದಳು.

ಡಾಕ್ಟರಮ್ಮ ಪರೀಕ್ಷಿಸಿದರು, ರಕ್ತವನ್ನೂ ನೋಡಿಸಿದರು. "ಇದು ಫಂಗಸ್ ಸೋಂಕು. ನಾಚೂವಂಥಾದ್ದು ಏನಿಲ್ರಿ ಅವ್ವಾ, ನಿಮಗ ಶುಗರ್ ಹೆಚ್ಚಾಗೇತಿ, ಅದಕ್ಕ ಬಂದೈತಿ. ಅಲ್ಲಿ ಸಾಬೂನು ಹಚ್ಚಬ್ಯಾಡ್ರಿ. ಒಳಗ ಇಡೋ ಗುಳಿಗಿ ಕೊಡ್ತೀನಿ, ಶುಗರ್‌ಗೂ ಔಷಧ ಚಾಲೂ ಮಾಡೂಣು," ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನೀಲವ್ವ ಮೆಲ್ಲಗೆ ಹೇಳಿದಳು: "ನಾ ಬಸುರಿದ್ದಾಗ ನನಗೂ ಹಿಂಗ ಆಗಿತ್ರಿ. ನಿಮಗ ಹೇಳಾಕ ಅಂಜಿದ್ದೆ. ತವರಮನಿಗೆ ಹೋಗೂತನಕ ತಡಕೊಂಡೆ."

ಯಾಕೆ ಅಂಜಿದೆ ಎಂದು ನಾನು ಕೇಳಲಿಲ್ಲ. "ಈಕಿಗೆ ಕುಂತಲ್ಲಿ ಕುಂಡ್ರಾಕ ಬರಂಗಿಲ್ಲ, ಏನ್ ಕಲಿಸ್ಯಾರೋ ತವರಾಗ" ಎಂದು ಆಗ ಆಕೆಯ ಚಡಪಡಿಕೆ ಕಂಡು ನಿಮ್ಮ ಮುಂದೆ ನಾನು ನಕ್ಕಿದ್ದು ನಿಮಗೆ ನೆನಪಿದೆಯೇ? ಅವತ್ತು ಆಕೆ ಬಾಗಿಲ ಹಿಂದೆಯೇ ನಿಂತಿದ್ದಳು.